ಬೇಕೆಂದೇ ಮರೆತ ಪದಗಳು

ಹ್ಯಾಮಿಲ್ಟನ್
ನವೆಂಬರ್ 9

ಅಪ್ಪಾ,

ಕಿವಿ ಕೇಳದ ನಿನ್ನ ಜೊತೆ ಫೋನಿನಲ್ಲಿ ಕಿರುಚಿ ಗಂಟಲು ಹರಿದುಕೊಳ್ಳುವುದಕ್ಕಿಂತ ಕಾಗದವೇ ವಾಸಿ. ಹದಿನೈದನೇ ವಯಸ್ಸಿನಲ್ಲಿ ನನ್ನನ್ನು ಐಸ್ ಹಾಕಿ ಆಟದ ಹಾಸ್ಟೆಲಿಗೆ ಸೇರಿಸಿ, ‘ವಾರವಾರ ಬರೀಬೇಕು, ಇಲ್ಲಾಂದ್ರೆ ವಾಪಸ್ ಎಳ್ಕೊಂಡ್ ಬರ್ತೀನಿ’ ಅಂದವನು ನೀನೇ. ಈಗ ಅನುಭವಿಸು.

ನಿನ್ನ ಮಗಳು ಹೆರನ್ಸ್ ಮಹಿಳಾ ಹಾಕಿ ತಂಡದಲ್ಲಿದ್ದಾಳೆ! ಆಯ್ಕೆಯಾದವರ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು ನನ್ನದು. ಕೆಳಗೆ ಗೆರೆ ಎಳೆದಿದ್ದರು, ಗೆರೆಯ ಮೇಲೆ ನಾನು ನೇತಾಡುತ್ತಿದ್ದೆ. ಇರಲಿ, ಒಳಗಿದ್ದೇನಲ್ಲ. ಐಸ್ ಮೇಲೆ ಆಡಿದ್ದಕ್ಕೆ ಸಂಬಳ ಕೊಡುತ್ತಾರೆ, ಅಪ್ಪ. ಮೂವತ್ತು ದಾಟಿದ ಮೇಲೆ! ಇಷ್ಟು ವರ್ಷ ಯಾವ ಟೀಚರಿಗೆ ಜ್ವರ ಬರುತ್ತದೋ ಎಂದು ಕಾದು, ಬದಲಿ ಪಾಠ ಮಾಡಿ, ಸಂಜೆ ಸ್ವಂತ ಖರ್ಚಿನಲ್ಲಿ ಆಡಿದವಳಿಗೆ ಈಗ ಸ್ಕೇಟ್ ಹರಿತ ಮಾಡಿಕೊಡುವುದಕ್ಕೂ ಒಬ್ಬ ಆಳು.

ನನ್ನ ಜೊತೆ ಮನೆ ಹಂಚಿಕೊಂಡಿರುವವಳು ಗೋಲ್‌ಕೀಪರ್ ಮಾರೀವ್, ಕ್ವಿಬೆಕ್ ಕಡೆಯವಳು. ಗುರುವಾರ ತಲೆಯ ಪರೀಕ್ಷೆ ಇತ್ತು. ಹೆದರಬೇಡ, ಎಲ್ಲರಿಗೂ ಮಾಡುತ್ತಾರೆ. ಕಂಪ್ಯೂಟರ್ ಮುಂದೆ ಕೂರಿಸಿ ಒಂದಷ್ಟು ಪದ ತೋರಿಸುತ್ತಾರೆ, ಆಮೇಲೆ ಎಷ್ಟು ನೆನಪಿದೆ ಎಂದು ಕೇಳುತ್ತಾರೆ. ಮುಂದೆ ಯಾವತ್ತಾದರೂ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ ಮಾಡಿ ಇದರ ಜೊತೆ ಹೋಲಿಸುತ್ತಾರೆ. ಕಡಿಮೆ ಬಂದರೆ ಆಟದಿಂದ ಹೊರಗೆ. ಹಿಂದಿನ ದಿನ ಮಾರೀವ್ ನನ್ನ ತಲೆ ಮೇಲೆ ಮೊಟಕಿ, ‘ಏ ಕೋಸ್ಟಿ, ಜಾಣತನ ತೋರಿಸೋಕೆ ಹೋಗ್ಬೇಡ ಕಣೇ. ನಾಳೆ ಒಂದಿನ ದಡ್ಡಿ ಆಗು’ ಅಂದಳು. ಕೊಸ್ತ್ಯುಕ್ ಅನ್ನಲು ನಾಲಿಗೆ ಹೊರಳದೆ ಇಲ್ಲಿ ಎಲ್ಲರೂ ನನ್ನನ್ನು ಕೋಸ್ಟಿ ಮಾಡಿದ್ದಾರೆ. ಹಳಬರೆಲ್ಲ ಮಾಡುವುದೇ ಇದು. ಮೊದಲೇ ಕಡಿಮೆ ಅಂಕ ತೆಗೆದರೆ ಆಮೇಲೆ ಕಡಿಮೆಯಾಗುವುದೇನು, ಮಣ್ಣು?

ನಾನೂ ದಡ್ಡಿಯಾದೆ. ಗೊತ್ತಿದ್ದ ಪದಗಳನ್ನೆಲ್ಲ ಬೇಕೆಂದೇ ಮರೆತೆ. ತಂಡದ ಡಾಕ್ಟರ್ ಆಶ್ಬಿ ನನ್ನ ಅಂಕ ನೋಡಿ, ‘ನೀವು ನಿಜವಾಗ್ಲೂ ಟೀಚರಾ?’ ಅಂದರು. ಹೊರಗೆ ಬಂದು ಮಾರೀವ್, ನಾನು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇನ್ನು ನನ್ನನ್ನು ಯಾರೂ ಅಲ್ಲಾಡಿಸಲಾರರು.

ನಿನ್ನ ದಡ್ಡಿ,
ಲರಿಸಾ

*

ಮೀಡೋ ಬೆಂಡ್, ಸಸ್ಕಾಚೆವಾನ್
ನವೆಂಬರ್ 20

ಲರಿಸಾ,

ಕಾಗದ ಓದಿ ನಕ್ಕಿದ್ದಕ್ಕೆ ಕಾಫಿ ಮೂಗಿಗೆ ಹತ್ತಿತು. ಕೋ-ಆಪ್ ಅಂಗಡಿಯ ಕಾಫಿ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಮರ್ ಮೇಜು ಗುದ್ದಿ, ‘ಮೈರನ್, ಇವ್ಳು ನಿನ್ ಮಗಳೇ ಬಿಡಯ್ಯಾ, ಡಿಎನ್ಎ ಬೇಡ’ ಅಂದ. ನಮ್ಮ ಕಾಲದಲ್ಲಿ ಪರೀಕ್ಷೆ ಎಲ್ಲಿತ್ತು? ಮೂಗಿಗೆ ಅಮೋನಿಯ ಹಿಡಿದು, ಕಣ್ಣ ಮುಂದೆ ಬೆರಳು ತೋರಿಸಿ ಎಷ್ಟು ಅಂತ ಕೇಳುತ್ತಿದ್ದರು. ಯಾವಾಗಲೂ ಎರಡೇ ಬೆರಳು. ನೀನು ಮಾಡಿದ್ದು ಸರಿ. ಅವರು ಚಾಪೆ ಕೆಳಗೆ ನುಸುಳಿದರೆ ನಾವು ರಂಗೋಲಿ ಕೆಳಗೆ.

ಅಮ್ಮನಿಗೆ ಓದಿ ಹೇಳುವಾಗ ಆ ಭಾಗ ಹಾರಿಸಿದೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಅರ್ಧ ಡಾಕ್ಟರ್ ತಾನೇ ಅಂದುಕೊಂಡಿದ್ದಾಳೆ.

ಊರಿನ ಐಸ್ ಆಟದ ರಿಂಕಿನ ಬಾಗಿಲಲ್ಲಿ ನಿನ್ನ ಫೋಟೋ ಹಾಕಿದ್ದಾರೆ. ಮೊದಲ ಪಂದ್ಯ ಟಿವಿಯಲ್ಲಿ ನೋಡಿದೆವು. ಮುಂದಕ್ಕೆ ಹೋಗುವಾಗ ಪರವಾಗಿಲ್ಲ. ಹಿಂದಕ್ಕೆ ಬರುವಾಗ ಮಾತ್ರ ಗೊಬ್ಬರದ ಬಂಡಿ ಎಳೆದ ಹಾಗೆ ಬರುತ್ತೀಯ. ಕಾಲು ಎತ್ತು.

ಇಲ್ಲಿ ಹಿಮ ಶುರುವಾಯಿತು. ನಾನು, ಹಿಮ ಬಳಿಯುವ ನನ್ನ ಗ್ರೇಡರ್ ಗಾಡಿ ಇಬ್ಬರೂ ರಸ್ತೆಗಿಳಿದಿದ್ದೇವೆ.

ನಿನ್ನ ಅಪ್ಪ

*

ಹ್ಯಾಮಿಲ್ಟನ್
ಡಿಸೆಂಬರ್ 16

ಅಪ್ಪಾ,

ಸೋಲು, ಸೋಲು, ಮತ್ತೆ ಸೋಲು. ಕೋಚ್ ಬೋರ್ಡಿನ ಮೇಲೆ ಹೆಸರು ಬರೆಯುವಾಗ ನಾನು ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಹೆಸರಿಲ್ಲದವಳು ಆ ದಿನ ಕೋಟು ಹಾಕಿಕೊಂಡು ಮೇಲೆ ಕೂತು ನೋಡಬೇಕು. ಎರಡು ಸಲ ಕೂತೆ. ಸೂತಕದ ಮನೆಯಲ್ಲಿ ಕೂತ ಹಾಗಿರುತ್ತದೆ. ಯಾರೂ ಕಣ್ಣು ಕೊಟ್ಟು ನೋಡುವುದಿಲ್ಲ, ಎಲ್ಲರೂ ಬೆನ್ನು ತಟ್ಟಿ ಹೋಗುತ್ತಾರೆ.

ಒಂದು ತಮಾಷೆ ಹೇಳಲೇ ಬೇಕು. ಭಾನುವಾರ ಎಲ್ಲರಿಗೂ ಪೆರೋಗಿ ಮಾಡುತ್ತೇನೆಂದು ಜಂಬ ಕೊಚ್ಚಿಕೊಂಡೆ. ಅಜ್ಜಿ ಮಾಡುತ್ತಿದ್ದ ಹಾಗೆ ಹಿಟ್ಟು ನಾದಿ, ಆಲೂ ತುಂಬಿ, ಕುದಿಯುವ ನೀರಿಗೆ ಬಿಟ್ಟೆ. ಒಂದೊಂದೇ ಬಾಯಿ ಬಿಟ್ಟವು! ಪಾತ್ರೆ ತುಂಬ ಆಲೂ ಗಂಜಿ. ಮಾರೀವ್ ಇಣುಕಿ ನೋಡಿ, ‘ನಿಮ್ಮ ಕಡೆ ಸತ್ತವರಿಗೆ ಇದನ್ನೇ ಬಡಿಸ್ತಾರಾ?’ ಅಂದಳು. ಎಲ್ಲರೂ ಅದನ್ನೇ ಬಟ್ಟಲಿಗೆ ಹಾಕಿ ಕುಡಿದರು. ಮಾರನೇ ದಿನ ಗೆದ್ದೆವು! ಈಗ ಪ್ರತಿ ಪಂದ್ಯದ ಹಿಂದಿನ ದಿನ ‘ಕೋಸ್ಟಿ, ಗಂಜಿ ಎಲ್ಲಿ?’ ಅಂತ ಪೀಡಿಸುತ್ತಾರೆ.

ಕ್ರಿಸ್‌ಮಸ್ಸಿಗೆ ಬರಲಾಗುವುದಿಲ್ಲ. ಅಮ್ಮನನ್ನು ಸಮಾಧಾನ ಮಾಡು.

ಲರಿಸಾ

*

ಹ್ಯಾಮಿಲ್ಟನ್
ಜನವರಿ 28

ಅಪ್ಪಾ,

ಟಿವಿಯಲ್ಲಿ ನೋಡಿ ನೀನು, ಅಮ್ಮ ಇಬ್ಬರೂ ಗಾಬರಿಯಾದಿರಂತೆ. ಏನೂ ಆಗಿಲ್ಲ. ಮೂಲೆಯಲ್ಲಿ ಪಕ್ ಬಿಲ್ಲೆ ತೆಗೆಯಲು ಬಗ್ಗಿದ್ದೆ, ಹಿಂದಿನಿಂದ ಆ ದಾಂಡಿಗಿತ್ತಿ ನೂಕಿದಳು, ಹಲಗೆ ಗೋಡೆಗೆ ತಲೆ ತಾಗಿತು. ನಾನೇ ಎದ್ದು ಬಂದೆ. ಡಾಕ್ಟರ್ ಆಶ್ಬಿ ಪರೀಕ್ಷೆ ಮಾಡಿದರು. ಪಾಸ್! ‘ಮೊದಲಿನಷ್ಟೇ ಬಂದಿದೆ, ಒಂದು ಪದ ಜಾಸ್ತಿನೇ’ ಅಂದರು. ಈ ಸಲ ಎಷ್ಟು ನೆನಪಿತ್ತೋ ಅಷ್ಟೂ ಹೇಳಿದ್ದೆ.

ದೀಪ ಕಣ್ಣಿಗೆ ಚುಚ್ಚುತ್ತದೆ, ಅಷ್ಟೇ. ಮನೆಯೊಳಗೂ ಟೋಪಿ ಹಾಕಿಕೊಂಡಿರುತ್ತೇನೆ. ಬಸ್ಸಿನಲ್ಲಿ ವಾಂತಿ ಬಂದ ಹಾಗಾಗುತ್ತದೆ. ಎರಡು ಮಾತ್ರೆ ನುಂಗಿದರೆ ಸರಿ.

ನಾವು ಗೆಲ್ಲುತ್ತಿದ್ದೇವೆ, ಅಪ್ಪ. ಮೊದಲ ನಾಲ್ಕರಲ್ಲಿ ಬಂದರೆ ಪ್ಲೇಆಫ್. ನನ್ನ ಹೆಸರು ಈಗ ಬೋರ್ಡಿನಿಂದ ಅಳಿಸುವುದಿಲ್ಲ.

ಒಂದು ತಮಾಷೆ ಹೇಳಲೇ ಬೇಕು. ಭಾನುವಾರ ಎಲ್ಲರಿಗೂ ಪೆರೋಗಿ ಮಾಡುತ್ತೇನೆಂದು ಜಂಬ ಕೊಚ್ಚಿಕೊಂಡೆ. ಕುದಿಯುವ ನೀರಿಗೆ ಬಿಟ್ಟರೆ ಒಂದೊಂದೇ ಬಾಯಿ ಬಿಟ್ಟವು! ಪಾತ್ರೆ ತುಂಬ ಆಲೂ ಗಂಜಿ. ಮಾರೀವ್ ಇಣುಕಿ ನೋಡಿ ಏನಂದಳು ಗೊತ್ತಾ? ‘ನಿಮ್ಮ ಕಡೆ ಸತ್ತವರಿಗೆ ಇದನ್ನೇ ಬಡಿಸ್ತಾರಾ?’

ಅಮ್ಮನಿಗೆ ನನ್ನ ಮುತ್ತು.

ಲರಿಸಾ

*

ಮೀಡೋ ಬೆಂಡ್
ಫೆಬ್ರವರಿ 6

ಲರಿಸಾ,

ಪೆರೋಗಿ ಕಥೆ ನೀನು ಡಿಸೆಂಬರಿನಲ್ಲೇ ಬರೆದಿದ್ದೆ. ಇದೇ ಮಾತುಗಳಲ್ಲಿ. ನನ್ನನ್ನು ಆಡಿಸಲು ಬರೆದೆಯಾ? ಹಾಗಾದರೆ ಹಾಗೆಂದು ಹೇಳು, ಬೈದು ಸುಮ್ಮನಾಗುತ್ತೇನೆ. ಅಮ್ಮನಿಗೆ ಓದಿ ಹೇಳುತ್ತಿದ್ದವನು ಅಲ್ಲಿಗೆ ಬಂದು ನಿಂತುಬಿಟ್ಟೆ. ‘ಮುಂದೇನು?’ ಅಂದಳು. ‘ನಿಂಗೆ ಮುತ್ತು ಕಳ್ಸಿದಾಳೆ’ ಅಂದೆ.

ಒಂದು ಪದ ಜಾಸ್ತಿ ಬಂತು ಅಂತ ಹಿಗ್ಗುತ್ತೀಯಲ್ಲ ಹುಚ್ಚಿ, ನವೆಂಬರಿನಲ್ಲಿ ನೀನು ಬೇಕೆಂದೇ ಮರೆತಿದ್ದೆ. ಈಗ ಅಷ್ಟೇ ನೆನಪಿದೆ ಅಂದರೆ ಉಳಿದದ್ದು ಎಲ್ಲಿ ಹೋಯಿತು? ಇದನ್ನು ಅರ್ಥ ಮಾಡಿಕೊಳ್ಳಲು ಡಾಕ್ಟರೇ ಆಗಬೇಕಿಲ್ಲ. ಆವತ್ತು ನಕ್ಕ ನನ್ನ ಬಾಯಿಗೆ ಮಣ್ಣು ಹಾಕ.

ಇವತ್ತೇ ಹೋಗಿ ಆ ಡಾಕ್ಟರಿಗೆ ಮೊದಲ ಪರೀಕ್ಷೆ ಸುಳ್ಳು ಅಂತ ಹೇಳು. ಕೈ ಮುಗಿಯುತ್ತೇನೆ.

ಅಪ್ಪ

*

ಹ್ಯಾಮಿಲ್ಟನ್
ಫೆಬ್ರವರಿ 19

ಅಪ್ಪಾ,

ಆಡಿಸಲು ಬರೆಯಲಿಲ್ಲ. ಬರೆದದ್ದೇ ನೆನಪಿಲ್ಲ.

ನಿನಗೆ ಸುಳ್ಳು ಹೇಳುವುದಿಲ್ಲ. ನಿನ್ನೆ ಅಂಗಡಿಯಲ್ಲಿ ಹಾಲಿನ ಮುಂದೆ ನಿಂತು ಏನು ಬೇಕಿತ್ತು ಎಂದು ಯೋಚಿಸುತ್ತಿದ್ದೆ. ಐಸ್ ಮೇಲೆ ಮಾತ್ರ ಎಲ್ಲ ಸರಿ ಇರುತ್ತದೆ. ಅಲ್ಲಿ ಯೋಚಿಸಬೇಕಿಲ್ಲ, ಕಾಲಿಗೇ ಗೊತ್ತು. ಆಮೇಲೆ ಕತ್ತಲೆ ಕೋಣೆಯಲ್ಲಿ ಮುಖಕ್ಕೆ ಒದ್ದೆ ಟವಲ್ ಹಾಕಿಕೊಂಡು ಮಲಗುತ್ತೇನೆ. ಮಾರೀವ್ ಬಾಗಿಲ ಬಳಿ ನಿಂತು ಅಳುತ್ತಾಳೆ. ‘ನಾನೇ ಹೇಳ್ಕೊಟ್ಟೆ ಕಣೇ, ನಾನೇ’ ಅನ್ನುತ್ತಾಳೆ. ಆದರೂ ಡಾಕ್ಟರಿಗೆ ಹೇಳುವವಳಲ್ಲ. ನಮ್ಮ ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬಳ ಪೆಟ್ಟನ್ನು ಇನ್ನೊಬ್ಬಳು ಬಾಯಿಬಿಟ್ಟು ಹೇಳಿದರೆ ಅವಳ ಜೊತೆ ಆಮೇಲೆ ಯಾರೂ ಮಾತಾಡುವುದಿಲ್ಲ.

ನಾನು ಈಗ ಹೊರಗೆ ಹೋದರೆ ಮತ್ತೆ ಒಳಗೆ ಬರುವುದಿಲ್ಲ, ಅಪ್ಪ. ಇಪ್ಪತ್ತೆರಡರ ಹುಡುಗಿಯರು ಬಾಗಿಲಲ್ಲಿ ಸಾಲುಗಟ್ಟಿದ್ದಾರೆ. ನನ್ನ ವಯಸ್ಸಿನವಳಿಗೆ ಯಾರು ಕಾಯುತ್ತಾರೆ? ಹುಡುಗರ ತಂಡದಲ್ಲಿ ಬಾತ್‌ರೂಮಿನೊಳಗೆ ಬಟ್ಟೆ ಬದಲಿಸಿಕೊಂಡು ಆಡಿದೆ, ಒಬ್ಬರೂ ನೋಡದ ರಿಂಕುಗಳಲ್ಲಿ ಆಡಿದೆ. ಈಗ ಎಂಟು ಸಾವಿರ ಜನ ಎದ್ದು ನಿಲ್ಲುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಿಗೆ ನೀನು ಕೈ ಹಿಡಿಯುತ್ತೀಯಾ?

ಮಾರ್ಚ್ ಹದಿನೈದಕ್ಕೆ ಕೊನೆಯ ಲೀಗ್ ಪಂದ್ಯ. ಗೆದ್ದರೆ ಪ್ಲೇಆಫ್. ಅಲ್ಲಿಯ ತನಕ ಬಿಡು. ನಿನ್ನ ಕಾಲು ಹಿಡಿಯುತ್ತೇನೆ. ಅಮ್ಮನಿಗೆ ಹೇಳಬೇಡ.

ಲರಿಸಾ

*

ಮೀಡೋ ಬೆಂಡ್
ಮಾರ್ಚ್ 3

ಲರಿಸಾ,

ಒಂದು ವಾರದಿಂದ ಬರೆದು ಹರಿದು ಬರೆದು ಹರಿದು ಮಾಡುತ್ತಿದ್ದೇನೆ. ನಿನ್ನ ಮಾತು ಬಿಸಿತುಪ್ಪ ಆಗಿದೆ, ನುಂಗಲಾರೆ, ಉಗುಳಲಾರೆ. ಗ್ರೇಡರ್ ಓಡಿಸುವಾಗ ತಿರುವು ಬಿಟ್ಟು ಮುಂದೆ ಹೋಗಿ ಯಾರದೋ ಬೇಲಿ ಎತ್ತಿ ಹಾಕಿದೆ.

ನಾನೂ ಆಡಿದವನು. ಇನ್ನೊಂದು ಪಂದ್ಯ, ಇನ್ನೊಂದೇ ಪಂದ್ಯ ಎಂಬುದು ಏನೆಂದು ನನಗೆ ಗೊತ್ತು. ಅದು ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು, ಈ ಹೊತ್ತಿಗೆ ಫೋನ್ ಎತ್ತಿರುತ್ತಿದ್ದೆ.

ಆಡು. ಹದಿನೈದರ ಪಂದ್ಯ ಆಡು. ಮೂಲೆಗೆ ಹೋಗಬೇಡ, ತಲೆ ತಗ್ಗಿಸಬೇಡ. ಹದಿನಾರನೇ ತಾರೀಕು ನೀನೇ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಬೇಕು. ಹೇಳದಿದ್ದರೆ ಹದಿನೇಳಕ್ಕೆ ನಾನು ಹೇಳುತ್ತೇನೆ. ನನ್ನ ಮುಖ ನೋಡುವುದಿಲ್ಲ ಅಂದರೂ ಸರಿ. ನಿನ್ನಾಣೆ.

ಅಪ್ಪ

*

ಹ್ಯಾಮಿಲ್ಟನ್
ಮಾರ್ಚ್ 19

ಮೈರನ್ ಕೊಸ್ತ್ಯುಕ್ ಅವರಿಗೆ,

ನಾವು ಗೆದ್ದೆವು. ನಾವು ಪ್ಲೇಆಫಿಗೆ ಬಂದೆವು. ಪಂದ್ಯದ ಮೂರನೇ ಭಾಗದಲ್ಲಿ ಪೆಟ್ಟು ಬಿತ್ತು, ನಿಜ. ಪರೀಕ್ಷೆ ಮಾಡಿದರು. ಎರಡು ಪದ ಕಡಿಮೆ ಬಂತು, ‘ಸುಸ್ತಾಗಿರ್ಬೇಕು, ಎರಡು ದಿನ ಬಿಟ್ಟು ನೋಡೋಣ’ ಅಂದರು ಡಾಕ್ಟರ್. ಎರಡು ದಿನ ಬಿಟ್ಟು ನೋಡಿದರೆ ಸರಿಹೋಗುತ್ತಿತ್ತು. ನಾವು ಪ್ಲೇಆಫಿಗೆ ಬಂದೆವು.

ಸೋಮವಾರ ಎಲ್ಲರೂ ಸ್ಕೇಟ್ ಕಟ್ಟಿಕೊಳ್ಳುತ್ತಿದ್ದಾಗ ಡಾಕ್ಟರ್ ಆಶ್ಬಿ ಬಂದು ನನ್ನನ್ನು ಹೊರಗೆ ಕರೆದರು. ‘ನಿಮ್ಮ ತಂದೆ ಫೋನ್ ಮಾಡಿದ್ರು’ ಅಂದರು. ಒಂದು ಕಾಲಿಗೆ ಸ್ಕೇಟ್ ಇತ್ತು, ಇನ್ನೊಂದು ಕಾಲು ಬರಿಗಾಲು. ಹಾಗೇ ನಿಂತು ಕೇಳಿದೆ. ಇನ್ನು ಈ ವರ್ಷ ಇಲ್ಲವಂತೆ. ಬಹುಶಃ ಯಾವತ್ತೂ ಇಲ್ಲವಂತೆ. ನನ್ನ ಜಾಗಕ್ಕೆ ಬಂದ ಹುಡುಗಿ ಆಗಲೇ ಬೆಂಚಿನ ಮೇಲೆ ಚೀಲ ಇಟ್ಟಿದ್ದಳು.

ನನ್ನನ್ನು ಐಸಿಗೆ ಇಳಿಸಿದವರು ನೀವು. ಎಳೆದುಹಾಕಿದವರೂ ನೀವು. ಬೇರೆ ಯಾರು ಮಾಡಿದ್ದರೂ ತಡೆದುಕೊಳ್ಳುತ್ತಿದ್ದೆ. ನಾವು ಪ್ಲೇಆಫಿಗೆ ಬಂದೆವು.

ಬರೆಯಬೇಡಿ. ಬರಬೇಡಿ. ನನಗೆ ಅಪ್ಪ ಇಲ್ಲ.

ಲರಿಸಾ ಕೊಸ್ತ್ಯುಕ್

*

ಮೀಡೋ ಬೆಂಡ್
ಏಪ್ರಿಲ್ 12

ಲರಿಸಾ,

ಬರೆಯಬೇಡಿ ಅಂದೆ. ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕು.

ಆ ಪಂದ್ಯವನ್ನು ಎಲ್ಮರನ ಮನೆಯಲ್ಲಿ ನೋಡಿದೆ. ಮೂಲೆಗೆ ಹೋಗಬೇಡ ಅಂದಿದ್ದೆ, ಹೋದೆ. ನಾನಾಗಿದ್ದರೂ ಹೋಗುತ್ತಿದ್ದೆ. ಬಿದ್ದವಳು ಎದ್ದೆ, ಜನ ಚಪ್ಪಾಳೆ ತಟ್ಟಿದರು. ಆಮೇಲೆ ನೀನು ಎದುರಾಳಿಗಳ ಬೆಂಚಿನ ಕಡೆ ಹೋದೆ. ಅವರ ಬಾಗಿಲಿಗೆ ಕೈ ಹಾಕಿದೆ. ಅವರಲ್ಲೊಬ್ಬಳು ನಿನ್ನ ಭುಜ ಹಿಡಿದು ತಿರುಗಿಸಿ, ನಿಮ್ಮವರು ಅಲ್ಲಿದ್ದಾರೆ ಎಂದು ತೋರಿಸಿದಳು. ಎಲ್ಮರ್ ನಕ್ಕುಬಿಟ್ಟ. ನನ್ನ ಮುಖ ನೋಡಿ ನಿಲ್ಲಿಸಿದ. ನಾನು ಕೋಟು ಅಲ್ಲೇ ಬಿಟ್ಟು ಮನೆಗೆ ನಡೆದೆ.

ಹದಿನಾರನೇ ತಾರೀಕು, ಭಾನುವಾರವಿಡೀ, ನಿನಗೆ ಮಾತು ಕೊಟ್ಟಿದ್ದೇನೆಂದು ಕಾದೆ. ಎಂಥ ಮಾತು, ಎಂಥ ಮಣ್ಣು! ಸೋಮವಾರ ಬೆಳಗ್ಗೆ ಫೋನಿನಲ್ಲಿ ಕಿರುಚಿದೆ. ಆಶ್ಬಿ ಹೇಳಿದ್ದು ನನಗೆ ಕೇಳಿಸದೆ ಮತ್ತೆ ಮತ್ತೆ ಕಿರುಚಿದೆ. ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಕೈಯೆಲ್ಲ ಹಿಟ್ಟು. ‘ಇದೆಲ್ಲ ಯಾವಾಗಿಂದ ಗೊತ್ತು ನಿಂಗೆ?’ ಅಂದಳು. ಹೇಳಿದೆ. ಪೆಟ್ಟಿಗೆ ಕಟ್ಟಿ ನಿನ್ನ ಹತ್ತಿರ ಬಂದಳು. ಅಲ್ಲಿಂದ ದಿನಾ ಫೋನ್ ಮಾಡುತ್ತಾಳೆ. ನೀನು ಉಂಡೆಯಾ, ಮಲಗಿದೆಯಾ ಎಂಬುದನ್ನು ಬಿಟ್ಟು ಬೇರೆ ಏನೂ ಹೇಳುವುದಿಲ್ಲ.

ನಿಮ್ಮವರು ಮೊದಲ ಸುತ್ತಿನಲ್ಲೇ ಸೋತರು. ಮಾರೀವ್ ಚೆನ್ನಾಗಿ ಆಡಿದಳು.

ಅಪ್ಪ ಇಲ್ಲ ಅಂದರೂ,
ಅಪ್ಪ

*

ಹ್ಯಾಮಿಲ್ಟನ್
ಮೇ 8

ಅಪ್ಪಾ,

ಯಾಕೆ ಬರೆದಿಲ್ಲ ನೀನು? ಅಥವಾ ಬರೆದೆಯಾ? ಇಲ್ಲಿ ಒಂದು ಕವರ್ ಒಡೆಯದೆ ಬಿದ್ದಿತ್ತು, ಈಗ ಕಾಣುತ್ತಿಲ್ಲ. ಅಮ್ಮ ಎಲ್ಲೋ ಎತ್ತಿಟ್ಟಿರಬೇಕು.

ಫೋನು, ಟಿವಿ ಏನೂ ನೋಡಬಾರದಂತೆ, ಅದಕ್ಕೇ ಕಾಗದ. ಕಿಟಕಿಗೆ ದಪ್ಪ ಪರದೆ ಹಾಕಿದ್ದಾರೆ. ಎರಡು ಸಾಲು ಬರೆದು ಕಣ್ಣು ಮುಚ್ಚಿ ಕೂರುತ್ತೇನೆ, ಮತ್ತೆ ಎರಡು ಸಾಲು. ಈ ಕಾಗದಕ್ಕೆ ಮೂರು ದಿನ ಹಿಡಿಯಿತು.

ಜನವರಿ ತನಕ ಚೆನ್ನಾಗಿ ನೆನಪಿದೆ. ಆಮೇಲಿನದು ಅಲ್ಲೊಂದು ಇಲ್ಲೊಂದು. ಪ್ಲೇಆಫಿಗೆ ಬಂದೆವಂತೆ! ಮಾರೀವ್ ಹೇಳಿದಳು. ನಾನು ಆಡಿದೆನಾ ಎಂದು ಕೇಳಿದರೆ ಅತ್ತಳು.

ಇನ್ನೊಂದು ಕೇಳಬೇಕು. ನಿನ್ನೆ ಅಮ್ಮನಿಗೆ ‘ಅಪ್ಪ ಯಾಕಮ್ಮ ಬಂದಿಲ್ಲ?’ ಅಂದೆ. ‘ನೀನೇ ಅವ್ರ ಜೊತೆ ಮಾತು ಬಿಟ್ಟಿದ್ದೀಯಲ್ಲೇ’ ಅಂದವಳು, ನಾಲಿಗೆ ಕಚ್ಚಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ಏನು ಕೇಳಿದರೂ ‘ಸೂಪ್ ಆರಿಹೋಗ್ತದೆ, ಕುಡಿ’ ಅಷ್ಟೇ.

ಮಾತು ಬಿಟ್ಟಿದ್ದೇನಾ? ಯಾಕೆ? ಎಷ್ಟು ಯೋಚಿಸಿದರೂ ಸಿಗುತ್ತಿಲ್ಲ. ನೀನು ಏನಾದರೂ ಮಾಡಿದೆಯಾ? ನಾನು ಮಾಡಿದೆನಾ? ಏನೇ ಇರಲಿ ಅಪ್ಪ, ನನಗೆ ಈಗ ಯಾವ ಕೋಪವೂ ಇಲ್ಲ. ಬಂದುಬಿಡು. ನನಗೆ ಭಯವಾಗುತ್ತದೆ.

ನಿನ್ನ
ಲರಿಸಾ

*

ಮೀಡೋ ಬೆಂಡ್
ಮೇ 17

ಲರಿಸಾ, ನನ್ನ ಕಂದಾ,

ಕಾಗದ ಸಿಕ್ಕಿತು. ಅದೇ ದಿನ ಅಮ್ಮನೂ ಫೋನ್ ಮಾಡಿ, ನನಗೆ ಕೇಳಿಸಲಿ ಎಂದು ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಿದಳು. ‘ಮರ್ತಿದ್ದಾಳೆ ಮೈರನ್. ದೇವ್ರೇ ಮರೆಸಿದಾನೆ ಅಂದ್ಕೊ. ಸುಮ್ನೆ ಬಂದು ಮಗಳ ಪಕ್ಕ ಕೂತ್ಕೊ. ಬಾಯಿ ಬಿಟ್ರೆ ಮತ್ತೆ ಕಳ್ಕೊತೀಯ.’ ನಿನ್ನಮ್ಮ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

ನನಗೂ ಆಸೆಯಾಯಿತು. ಬಹಳ ಆಸೆಯಾಯಿತು. ನೀನು ‘ಅಪ್ಪಾ’ ಎಂದು ಬರೆದದ್ದನ್ನು ನೋಡಿ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಹಾಗೇ ಹೊರಟು ಬಂದುಬಿಡಬೇಕೆಂದು ಕಾರಿನ ತನಕ ಹೋದೆ. ಬಾಗಿಲು ತೆಗೆದು ಕೂತು, ಮತ್ತೆ ಇಳಿದು ಬಂದು ಇದನ್ನು ಬರೆಯುತ್ತಿದ್ದೇನೆ. ಸುತ್ತಲಿದ್ದವರೆಲ್ಲ ನಿನ್ನ ಒಳ್ಳೆಯದಕ್ಕೇ ಬಾಯಿ ಮುಚ್ಚಿಕೊಂಡಿದ್ದೆವು. ನಿನ್ನನ್ನು ಈ ಗತಿಗೆ ತಂದದ್ದು ಅದೇ. ನಾನು ಇನ್ನೊಂದು ಸಲ ಮುಚ್ಚಲಾರೆ.

ಕೇಳು. ಜನವರಿಯಲ್ಲಿ ನಿನ್ನ ತಲೆಗೆ ಪೆಟ್ಟು ಬಿತ್ತು. ನೀನು ಮೊದಲೇ ಪರೀಕ್ಷೆಯಲ್ಲಿ ಬೇಕೆಂದು ತಪ್ಪು ಮಾಡಿದ್ದರಿಂದ ಡಾಕ್ಟರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಕೊನೆಯ ಪಂದ್ಯದ ತನಕ ಬಿಡು ಎಂದು ನೀನು ಬೇಡಿದೆ, ನಾನು ಬಿಟ್ಟೆ. ಆ ಪಂದ್ಯದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಆಮೇಲೆ ನಾನು ಡಾಕ್ಟರಿಗೆ ಫೋನ್ ಮಾಡಿ ನಿನ್ನ ಆಟ ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ ನೀನು ಮಾತು ಬಿಟ್ಟೆ. ಅದಕ್ಕೆ ನನಗೆ ಬೇಜಾರಿಲ್ಲ, ಇನ್ನೊಮ್ಮೆ ಬಂದರೂ ನಿಲ್ಲಿಸುತ್ತೇನೆ. ಆಡು ಎಂದದ್ದು ಮಾತ್ರ ನನ್ನ ಎದೆ ಸುಡುತ್ತಿದೆ. ಅದಕ್ಕೆ ನೀನು ಇನ್ನೂ ಕೋಪ ಮಾಡಿಕೊಂಡೇ ಇಲ್ಲ.

ಈಗ ಎರಡಕ್ಕೂ ಸೇರಿಸಿ ಮಾಡಿಕೊ. ನಿನ್ನ ಕೋಪ ನಿನ್ನದು. ಅಷ್ಟೊಂದು ಕಳೆದುಕೊಂಡಿದ್ದೀಯ, ಅದನ್ನೂ ನಿನ್ನಿಂದ ಕದ್ದು ಇಟ್ಟುಕೊಂಡು ನಾನು ಸುಖವಾಗಿರಲಾರೆ.

ಮಂಗಳವಾರ ಹೊರಡುತ್ತೇನೆ. ಬಾಗಿಲು ತೆಗೆಯುವುದು ಬೇಡ ಅನ್ನಿಸಿದರೆ ತೆಗೆಯಬೇಡ, ಬೀದಿಯಲ್ಲಿ ಕಾರಿನಲ್ಲೇ ಇರುತ್ತೇನೆ. ಇದನ್ನು ಓದಿಯೂ ಮರೆತುಹೋದರೆ, ಅಪ್ಪನ ಜೊತೆ ಯಾಕೆ ಮಾತಿಲ್ಲ ಎಂದು ನನ್ನನ್ನೇ ಕೇಳು. ಎಷ್ಟು ಸಲ ಕೇಳಿದರೂ ಹೀಗೆಯೇ ಹೇಳುತ್ತೇನೆ.

ಅಪ್ಪ